ಪೆಡಲನ್ನ ಕೇಳಬೇಕು

"ಗುಂಡಿ, ಏನನ್ನೂ ಒತ್ತಬೇಡ" ಎಂದು ಅಮ್ಮ ಹೇಳುವುದಕ್ಕೂ "ಪೋಂ" ಎಂದು ಹಾರ್ನ್ ಕೂಗುವುದಕ್ಕೂ ಸರಿಹೋಯಿತು.

ಬಾನೆಟ್ ಒಳಗೆ ತಲೆ ತೂರಿಸಿ ಇಂಜಿನ್ ನೋಡುತ್ತಿದ್ದ ಮಾವ ಬೆಚ್ಚಿಬಿದ್ದು ಎದ್ದ. ತಲೆ ಠಪ್ಪೆಂದು ಮೇಲೆ ಬಡಿಯಿತು.

"ಇವಳಿಗೆ ಹೆಸರಿಟ್ಟಿದ್ದು ನಾನೇ. ಈಗ ನನ್ನ ತಲೆಗೇ ಬಂತು" ಎಂದು ಮಾವ ತಲೆ ಉಜ್ಜಿಕೊಂಡ.

ಅದು ನಿಜ. ಲಿಫ್ಟು, ಕಾಲಿಂಗ್ ಬೆಲ್ಲು, ಮಿಕ್ಸಿ ಅಂತ ಕಂಡ ಗುಂಡಿಯನ್ನೆಲ್ಲ ಒತ್ತುವ ಅಕ್ಕನ ಮಗಳಿಗೆ ಆ ಹೆಸರಿಟ್ಟವನು ಅವನೇ. ಇವತ್ತು ಅವಳ ಕೈಗೆ ಇಡೀ ಒಂದು ಕಾರೇ ಸಿಕ್ಕಿತ್ತು.

ಹಳೇ ಕಾರು ನೋಡಲು ಅವರು ಹೊರಟದ್ದು ಇದು ನಾಲ್ಕನೇ ಭಾನುವಾರ. ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಎರಡು ಬಸ್ಸು ಹತ್ತಿಳಿದು ಹೋಗಬೇಕಾದ್ದರಿಂದ ಗುಂಡಿ ಏಳುವ ಮೊದಲೇ ಅಮ್ಮ ಹೊರಟಿರುತ್ತಿದ್ದಳು. ತಿಂಡಿ ಕೊಟ್ಟು ಶಾಲೆಗೆ ಕಳಿಸುವುದು ಮಾವನ ಪಾಲು. ಹೊಲಿಗೆ ಮೆಷಿನ್ ರಿಪೇರಿ ಮಾಡುವ ಮಾವನಿಗೆ ಎಂಥ ಸಿಕ್ಕು ಬೇಕಾದರೂ ಬಿಡಿಸಲು ಬರುತ್ತಿತ್ತು, ಜಡೆ ಹೆಣೆಯಲು ಮಾತ್ರ ಬರುತ್ತಿರಲಿಲ್ಲ.

ಹಾಗಾಗಿ ಗುಂಡಿ ತಾನೇ ಹೆಣೆದುಕೊಳ್ಳುತ್ತಿದ್ದಳು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ. ಕ್ಲಾಸಿನಲ್ಲಿ ಎಲ್ಲರೂ ಅವಳನ್ನು "ಸೊಟ್ಟಜಡೆ" ಎಂದು ಕರೆಯುತ್ತಿದ್ದರು. ಕಾರು ಬಂದರೆ ಅಮ್ಮ ಮುಕ್ಕಾಲು ಗಂಟೆ ತಡವಾಗಿ ಹೊರಟರೂ ಸಾಕು. ಅಷ್ಟು ಹೊತ್ತಿನಲ್ಲಿ ಎರಡು ಜಡೆ ಏನು, ಇಪ್ಪತ್ತು ಜಡೆ ಹಾಕಬಹುದು ಎಂದು ಗುಂಡಿ ಲೆಕ್ಕ ಹಾಕಿದ್ದಳು.

ಆದರೆ ಮೊದಲ ಕಾರು ಒಲೆಯ ಹಾಗೆ ಹೊಗೆ ಬಿಟ್ಟಿತು. ಎರಡನೆಯದರ ಬೆಲೆ ಕೇಳಿ ಅಮ್ಮ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದು ವಾಪಸು ಹೊರಟಳು. ಮೂರನೆಯದರ ನೆಲದಲ್ಲಿ ತೂತು. ಕೂತಲ್ಲೇ ರಸ್ತೆ ಕಾಣುತ್ತಿತ್ತು.

ಈ ನಾಲ್ಕನೆಯದು ಕೆಂಪು ಕಾರು. ಫಳಫಳ ಹೊಳೆಯುತ್ತಿತ್ತು. ಬೆಲೆಯೂ ಅಮ್ಮನ ಕೈಗೆ ಎಟುಕುವಂತಿತ್ತು.

"ಒಬ್ರೇ ಓನರ್ ಮೇಡಂ. ಮೀಟರ್ ನೋಡಿ, ಬರೀ ಇಪ್ಪತ್ತೆಂಟು ಸಾವಿರ ಕಿಲೋಮೀಟರ್ ಓಡಿದೆ. ಇನ್ನೂ ಮಗು ಇದು" ಎಂದ ಹಳೇ ಕಾರಿನ ಅಂಗಡಿಯವನು.

"ಇಂಜಿನ್ ಸದ್ದು ಚೆನ್ನಾಗೇ ಇದೆ ಅಕ್ಕ" ಎಂದ ಮಾವ.

ಗುಂಡಿ ಖುಷಿಯಲ್ಲಿ ಸೀಟಿನ ಮೇಲೆ ಕುಣಿದಳು. ಕುಣಿದ ರಭಸಕ್ಕೆ ಜಡೆಯ ರಬ್ಬರ್ ಬ್ಯಾಂಡ್ ಜಾರಿ ಸ್ಟಿಯರಿಂಗ್ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಬ್ರೇಕ್ ಪೆಡಲ್ ಕಾಣಿಸಿತು. ಅದರ ರಬ್ಬರಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಒಂದು ಮೂಲೆಯಲ್ಲಂತೂ ರಬ್ಬರ್ ಪೂರ್ತಿ ಸವೆದು ಒಳಗಿನ ಕಬ್ಬಿಣ ಇಣುಕುತ್ತಿತ್ತು.

ಮಾವನ ಅಂಗಡಿಯಲ್ಲಿ ದಿನವೂ ಕೇಳುವ ಮಾತು ಅವಳಿಗೆ ಥಟ್ಟನೆ ನೆನಪಾಯಿತು. ಯಾರಾದರೂ ಹೊಲಿಗೆ ಮೆಷಿನ್ ತಂದು "ಹೊಸದು, ಬಳಸೇ ಇಲ್ಲ" ಎಂದರೆ ಮಾವ ಮೊದಲು ಕಾಲಡಿಯ ಪೆಡಲ್ ನೋಡುತ್ತಿದ್ದ. ಅವರು ಹೋದಮೇಲೆ, "ಮೆಷಿನ್ ವಯಸ್ಸನ್ನ ಯಜಮಾನರನ್ನ ಕೇಳಬಾರದು, ಪೆಡಲನ್ನ ಕೇಳಬೇಕು" ಎಂದು ನಗುತ್ತಿದ್ದ. ಇವತ್ತು ಇಂಜಿನ್ ನೋಡುವ ಉತ್ಸಾಹದಲ್ಲಿ ಅವನೇ ಅದನ್ನು ಮರೆತಿದ್ದ.

ಹೇಳಿದರೆ ಈ ಕಾರೂ ಹೋಯಿತು. ಮತ್ತೆ ಬಸ್ಸು, ಮತ್ತೆ ಸೊಟ್ಟಜಡೆ. ಗುಂಡಿ ಮುಂದಕ್ಕೆ ಜಾರಿ, ಯಾರಿಗೂ ಕಾಣದ ಹಾಗೆ ಪೆಡಲ್ ಮೇಲೆ ತನ್ನ ಕಾಲಿಟ್ಟು ಸುಮ್ಮನೆ ಕೂತಳು.

ಹೊರಗೆ ಅಮ್ಮ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ಅರ್ಧ ಎಳೆದು ನಿಲ್ಲಿಸಿದಳು.

"ದಾರೀಲಿ ಕೈ ಕೊಡಲ್ಲ ತಾನೇ? ಇದು ಕೆಟ್ಟರೆ ಇನ್ನೊಂದು ತಗೊಳ್ಳೋ ಶಕ್ತಿ ನನಗಿಲ್ಲ ಕಣೋ" ಎಂದಳು ಮಾವನಿಗೆ, ಮೆಲ್ಲಗೆ.

ಗುಂಡಿಗೆ ಅದು ಕೇಳಿಸಿತು. ಅವಳು ಕಾಲು ತೆಗೆದಳು.

"ಮಾವ, ಇದರ ಪೆಡಲನ್ನ ಕೇಳಿದ್ಯಾ?"

ಮಾವ ಬಂದು ಬಗ್ಗಿ ನೋಡಿದ. ಅವನ ಕಿವಿ ಕೆಂಪಾಯಿತು.

"ಮೇಲೆ ಥಳುಕು, ಒಳಗೆ ಹುಳುಕು" ಎಂದು ಗೊಣಗಿ ಅಂಗಡಿಯವನ ಕಡೆ ತಿರುಗಿದ. "ಏನ್ರೀ, ಇಪ್ಪತ್ತೆಂಟು ಸಾವಿರಕ್ಕೆ ಪೆಡಲ್ ಹೀಗೆ ಸವೆಯುತ್ತಾ? ಮೀಟರನ್ನ ಯಾರು ಹಿಂದಕ್ಕೆ ತಿರುಗಿಸಿದ್ದು?"

"ಅದು... ಓನರ್ ಕಾಲು ಸ್ವಲ್ಪ ಭಾರ" ಎಂದ ಅಂಗಡಿಯವನು.

ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಗುಂಡಿ ನಗಲಿಲ್ಲ. ಅಮ್ಮ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎರಡು ವಾರ ಬಿಟ್ಟು ಶಾಲೆಯ ಲೈಬ್ರರಿ ಮೇಡಂ ತಮ್ಮ ಬೂದು ಬಣ್ಣದ ಕಾರು ಮಾರುತ್ತಾರೆಂದು ಗೊತ್ತಾಯಿತು.

"ಮೊದಲೇ ಹೇಳಿಬಿಡ್ತೀನಿ. ಹಿಂದಿನ ಬಾಗಿಲು ಒಳಗಿಂದ ತೆಗೆಯೋಕೆ ಬರಲ್ಲ, ಹಾರ್ನ್ ಬಿಕ್ಕುತ್ತೆ" ಎಂದರು ಮೇಡಂ. ಮೀಟರಿನಲ್ಲಿ ತೊಂಬತ್ತು ಸಾವಿರ ಇತ್ತು. ಗುಂಡಿ ಸೀದಾ ಹೋಗಿ ಬಗ್ಗಿದಳು. ಪೆಡಲೂ ಚೆನ್ನಾಗಿಯೇ ಸವೆದಿತ್ತು.

"ಮಾವ, ಮೀಟರು, ಪೆಡಲು ಇಬ್ಬರೂ ಒಂದೇ ಮಾತು ಹೇಳ್ತಿದಾರೆ" ಎಂದಳು.

ಮಾವ ಒಂದು ಗಂಟೆ ಓಡಿಸಿ ನೋಡಿದ. ಕಾರು ಮನೆಗೆ ಬಂತು.

ಸೋಮವಾರ ಬೆಳಿಗ್ಗೆ ಗುಂಡಿ ಎದ್ದಾಗ ಅಮ್ಮ ಬಾಚಣಿಗೆ ಹಿಡಿದು ಕೂತಿದ್ದಳು. ಎಷ್ಟೋ ದಿನದಿಂದ ಜಡೆ ಹೆಣೆಯದ ಕೈ. ಬಾಚಿದಳು, ಬಿಚ್ಚಿದಳು, ಮತ್ತೆ ಬಾಚಿದಳು. ಮಧ್ಯೆ ಮಧ್ಯೆ ಲ್ಯಾಬಿನ ಕತೆ ಹೇಳಿದಳು, ಸೂಜಿ ಕಂಡು ಮಂಚದಡಿ ಅವಿತ ಪೊಲೀಸನ ಕತೆ. ಗುಂಡಿ ಬಿದ್ದು ಬಿದ್ದು ನಕ್ಕಳು.

ಆಮೇಲೆ ಕನ್ನಡಿ ನೋಡಿಕೊಂಡಳು. ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕುತ್ತಿಗೆಯ ಹತ್ತಿರ.

"ಅಯ್ಯೋ, ಸೊಟ್ಟ ಆಯ್ತಲ್ಲೇ. ಬಿಚ್ಚಿ ಹಾಕಲಾ?" ಎಂದಳು ಅಮ್ಮ.

"ಬೇಡ" ಎಂದಳು ಗುಂಡಿ.

ಕ್ಲಾಸಿಗೆ ಕಾಲಿಡುತ್ತಲೇ ಹಿಂದಿನ ಬೆಂಚಿನಿಂದ ಕೂಗು ಬಂತು. "ಏ ಸೊಟ್ಟಜಡೆ, ಇವತ್ತೂ ಸೊಟ್ಟ!"

"ಹೌದು. ನಮ್ಮಮ್ಮ ಹಾಕಿದ್ದು" ಎಂದಳು ಗುಂಡಿ.

ಆಟದ ಪಿರಿಯಡ್ಡಿನಲ್ಲಿ ಅವಳು ಎಲ್ಲರಿಗಿಂತ ಹಿಂದೆ ಉಳಿದಳು. ಜಡೆ ಬಿಚ್ಚಿಹೋಗದಿರಲಿ ಎಂದು ಎರಡನ್ನೂ ಎರಡು ಕೈಯಲ್ಲಿ ಹಿಡಿದುಕೊಂಡೇ ಓಡುತ್ತಿದ್ದಳು.