ಮುತ್ತಜ್ಜನ ಗರಿಕಟ್ಟು

ಬಾಲಿಯ ಒಂದು ಬೆಟ್ಟದೂರಿನ ಗ್ರಂಥಾಲಯದಲ್ಲಿ ಸುಮರ್ತ ಮೂವತ್ತೊಂದು ವರ್ಷದಿಂದ ಹಳೆಯ ತಾಳೆಗರಿಗಳ ನಕಲು ಕೆತ್ತುತ್ತಿದ್ದ. ಕೆಲಸಕ್ಕೆ ಸೇರಿದ ವರ್ಷವೇ, ಮನೆತನದ ಹೆಸರು ಉಳಿಯಲೆಂದು, ಮುತ್ತಜ್ಜ ಕೆತ್ತಿದ್ದ ಮದ್ದಿನ ಗರಿಕಟ್ಟನ್ನು ತಂದುಕೊಟ್ಟಿದ್ದ. ಈ ವರ್ಷ ಅಚ್ಚಾದ ಪಟ್ಟಿಯಲ್ಲಿ ಅದರ ಮುಂದೆ ಇದ್ದದ್ದು, 'ಕೊಟ್ಟವರು ಯಾರೋ ತಿಳಿಯದು.'

"ಅಚ್ಚಾಗಿ ಹೋಯ್ತಲ್ಲ ಪಾಕ್," ಎಂದರು ನಿರ್ದೇಶಕ ದರ್ಸನ. ಹಿರಿಯರಿಗೆ ಹೇಳುವ 'ಪಾಕ್' ಎಂಬ ಮರ್ಯಾದೆ ಮಾತಿನಲ್ಲಿತ್ತು, ತಲೆ ಮಾತ್ರ ಎತ್ತಲಿಲ್ಲ. "ಮುಂದಿನ ಸಲ ನೋಡೋಣ."

ಮುಂದಿನ ಸಲಕ್ಕೆ ಅವನಿರುವುದಿಲ್ಲ; ಎರಡು ತಿಂಗಳಿಗೆ ನಿವೃತ್ತಿ. ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಕಟ್ಟನ್ನು ಮನೆಗೆ ಒಯ್ಯಬೇಕು, ಅಷ್ಟೇ.

ಅದರ ಜಾಗಕ್ಕೆ ನಕಲೊಂದನ್ನು ಕೆತ್ತಿದ. ಮುತ್ತಜ್ಜನ ಅಕ್ಷರದ ಓರೆ ಅವನ ಕೈಗೆ ಎಂದೋ ಬಂದಿತ್ತು. ಹುಳು ಕೊರೆದ ತೂತುಗಳನ್ನು ಕಾದ ಸೂಜಿಯಿಂದ ಒಂದೊಂದಾಗಿ ಹೊಂದಿಸಿದ. ಯಾರಿಗಾದರೂ ಅನುಮಾನ ಬಂದರೆ ನಿರ್ದೇಶಕರು ಪರೀಕ್ಷೆಗೆ ಕರೆಯುವುದು ಅವನನ್ನೇ. ಉಳಿದದ್ದು ಬಣ್ಣ. ಹೊಸ ಗರಿಯ ಬಿಳುಪು ಹೋಗಲು ಗಟ್ಟಿ ಕಾಫಿಯಲ್ಲಿ ನೆನೆಯಬೇಕು.

ಅವನ ಹೆಂಡತಿಯ ಹೆಸರು ಸಾರಿ. ಮೂರು ದಿನ ಅವಳು ಪಾತ್ರೆ ತುಂಬ ಕಾಫಿ ಕಾಸಿ ಹಿತ್ತಲ ಕೋಣೆಯ ಬಾಗಿಲಲ್ಲಿ ಇಟ್ಟಳು.

"ಇಷ್ಟೂ ನಿಮಗೇನಾ ಬ್ಲಿ? ಹೊಟ್ಟೆಯೋ ಹಂಡೆಯೋ?" ಗಂಡನನ್ನು ಅವಳು 'ಬ್ಲಿ' ಎಂದೇ ಕರೆಯುತ್ತಿದ್ದಳು.

"ಕೆಲಸ ಜಾಸ್ತಿ ಇದೆ ಕಣೇ."

"ಮುಖ ನೋಡಿ, ಒಣಗಿದ ಗರಿ ಹಾಗಾಗಿದೆ."

ಸರಸ್ವತಿ ದಿನದ ಹಿಂದಿನ ಮಧ್ಯಾಹ್ನ ಅವನು ಅಸಲು ಕಟ್ಟನ್ನು ತೆಗೆದು ನಕಲನ್ನಿಟ್ಟ. ಸರಸ್ವತಿ ದಿನ ಎಲ್ಲ ಗರಿಕಟ್ಟುಗಳನ್ನೂ ಚಾಪೆಯ ಮೇಲಿಟ್ಟು ಪೂಜಿಸುತ್ತಾರೆ, ಯಾರೂ ಬಿಚ್ಚಿ ಓದುವಂತಿಲ್ಲ. ಅದಕ್ಕಿಂತ ಭದ್ರವಾದ ದಿನ ಇನ್ನೊಂದಿಲ್ಲ. ಅಂದು ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಕೂತಾಗ ಅವನಿಗೆ ಬಂದದ್ದು ಭಯವಲ್ಲ, ಆಕಳಿಕೆ.

ಪೂಜಾರಿ ತೀರ್ಥ ಚಿಮುಕಿಸಿದರು. ಸ್ವಲ್ಪ ಹೊತ್ತಿಗೆ ಕಂಬದ ಬುಡದಿಂದ ಇರುವೆಗಳ ಸಾಲೊಂದು ಹೊರಟಿತು. ನೂರಾರು ಕಟ್ಟುಗಳನ್ನು ದಾಟಿ, ಎಡೆಯಿಟ್ಟ ಅನ್ನವನ್ನೂ ಮೂಸದೆ, ಮುತ್ತಜ್ಜನ ಕಟ್ಟಿನ ಜಾಗದಲ್ಲಿದ್ದ ನಕಲನ್ನೇ ಹತ್ತಿತು. "ನಿಮ್ಮೂರ ಮದ್ದು ಇಷ್ಟು ಸಿಹಿಯೇನು ಪಾಕ್?" ಎಂದು ನಗುತ್ತ ದರ್ಸನ ಅದನ್ನೆತ್ತಿ ಕೊಡವಿದರು, ಅವರ ಬಿಳಿ ತೋಳಿನ ಮೇಲೆ ಕಂದು ಕಲೆ ಅಂಟಂಟಾಗಿ ಇಳಿಯಿತು. ನೂರು ವರ್ಷದ ಗರಿ ಬಣ್ಣ ಬಿಡುವುದಿಲ್ಲ. ನಗು ನಿಲ್ಲಿಸಿ ಅವರು ಸುಮರ್ತನನ್ನೇ ನೋಡಿದರು. ಒಂಬತ್ತು ವರ್ಷದಿಂದ ಡಾಕ್ಟರ ಮಾತಿನಂತೆ ಸುಮರ್ತನ ಮನೆಯಲ್ಲಿ ಕಾಫಿಯೆಂದರೆ ಬರೀ ಕಹಿ. ಆ ಮೂರು ಪಾತ್ರೆಗಳಿಂದ ಅವನು ಒಂದು ಹನಿಯನ್ನೂ ಬಾಯಿಗೆ ಹಾಕಿರಲಿಲ್ಲ. ಪಕ್ಕದಲ್ಲಿ ಹೂಬುಟ್ಟಿ ಹಿಡಿದು ಕೂತಿದ್ದ ಸಾರಿ ಅವನ ಕಿವಿಗೆ ಬಗ್ಗಿದಳು. "ಯಾಕೆ ಬೆವರ್ತಿದ್ದೀರಿ ಬ್ಲಿ? ಪಾಪ ದಣಿದಿದ್ದೀರಿ ಅಂತ ಮೂರೂ ದಿನ ಕೈ ತುಂಬ ಸಕ್ಕರೆ ಹಾಕಿದ್ದೆ. ಡಾಕ್ಟರಿಗೆ ಹೇಳ್ಬೇಡಿ."