ಕೂದಲೆಳೆಯಷ್ಟು ಚಿಕ್ಕ ಕಲ್ಲು

ಅಳತೆಯ ಹಾಳೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದೆ. ಮಡಿಕೆ ಉಳಿಯಬಾರದು. ಆಮೇಲೆ ಅದರ ಮೊಟ್ಟೆಯಾಕಾರದ ತೂತಿನೊಳಗೆ ಕಲ್ಲನ್ನು ಮೆಲ್ಲಗೆ ಇಳಿಸಿದೆ.



ಕಲ್ಲು ಬಿಗಿಯಾಗಿ ಕೂರಬೇಕಿತ್ತು. ಕೂರಲಿಲ್ಲ. ಸುತ್ತಲೂ ಮೇಜಿನ ಕಟ್ಟಿಗೆ ಕಾಣುತ್ತಿತ್ತು... ಕೂದಲೆಳೆಯಷ್ಟು!

ತಲೆ ಎತ್ತಲು ಧೈರ್ಯವಾಗಲಿಲ್ಲ. ಎದುರಿಗೆ ಕಲ್ಲು ಕೊಯ್ಯುವ ಮಷಿನ್ನಿನ ಮೇಲೆ ನನ್ನ ಅಬ್ಬಾನ ಬಲಗೈ ಇತ್ತು. ಬೆರಳು ಬ್ಲೇಡಿಗೆ ತಾಗಿತ್ತು. ಮಣಿಕಟ್ಟು ಬಸವನ ಮುಷ್ಟಿಯಲ್ಲಿ. ಬಸವನ ಇನ್ನೊಂದು ಕೈ ಸ್ವಿಚ್ಚಿನ ಮೇಲೆ.

ಒಂದು ವಿಷಯ ಹೇಳುತ್ತೇನೆ, ಕೇಳಿ. ಆ ಬ್ಲೇಡು ಕಲ್ಲನ್ನು ಕೊಯ್ಯುತ್ತದೆ. ಚರ್ಮವನ್ನು ತರಚುತ್ತದೆ, ಅಷ್ಟೆ. ನಮ್ಮ ಕೆಲಸದವರಿಗೆಲ್ಲ ಗೊತ್ತು. ಬಸವನಿಗೆ ಗೊತ್ತಿರಲಿಲ್ಲ.

ನಾನು ಹೇಳಲಿಲ್ಲ. ಹೇಳಿದ್ದರೆ ಬೇರೆ ಏನಾದರೂ ಹುಡುಕುತ್ತಿದ್ದ.

ಪಕ್ಕದಲ್ಲೇ ಸುತ್ತಿಗೆ ಇತ್ತು!

“ಏನಾತು?” ಪರಮಣ್ಣ ಕೇಳಿದ.

ಸುರಪುರದ ಪರಮಣ್ಣ. ಮರಳು, ಲಾರಿ, ಜಗಳ... ಮೂರನ್ನೂ ಹೋಲ್‌ಸೇಲಿನಲ್ಲಿ ಮಾಡುವವನು. ಬಸವ ಅವನ ಡ್ರೈವರು. ಡ್ರೈವಿಂಗ್ ಸಣ್ಣ ಕೆಲಸ, ಉಳಿದದ್ದು ದೊಡ್ಡದು.

“ಇದು ನಿಮ್ಮ ಕಲ್ಲಲ್ರಿ,” ಎಂದೆ.

“ಅದು ನನಗೂ ಗೊತ್ತದ! ನನ್ನ ಮಗನ ಕಲ್ಲು ನಾ ಗುರುತು ಹಿಡಿಯಂಗಿಲ್ಲೇನು? ಯಾರು ಬದಲು ಮಾಡ್ಯಾರ, ಅದನ್ನ ಹೇಳು.”

ಅವನ ಮಗ ಅರ್ಜುನ. ಸಣ್ಣವನಿದ್ದಾಗ ಭೀಮಾ ನದಿಯ ಮರಳಿನಲ್ಲಿ ಒಂದು ಕೆಂಪು ಕಲ್ಲು ಹೆಕ್ಕಿದ್ದ. ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಅಪ್ಪ ಅದನ್ನು ಉಂಗುರಕ್ಕೆ ಕೂಡಿಸಿಕೊಂಡ. ಹೋದ ವರ್ಷ ಅರ್ಜುನ ಬೈಕಿನಿಂದ ಬಿದ್ದು ಸತ್ತ. ಉಂಗುರದ ಬೆಳ್ಳಿ ಸವೆದು ಕಲ್ಲು ಅಲುಗಾಡತೊಡಗಿದಾಗ, ಪರಮಣ್ಣ ಅದನ್ನು ಶಹಾಪುರಕ್ಕೆ, ನಮ್ಮ ಅಂಗಡಿಗೆ ತಂದುಕೊಟ್ಟಿದ್ದ.

ಅಬ್ಬಾ ಕಲ್ಲು ಬಿಡಿಸಿ ಪಾಲಿಶ್‌ಗೆ ಇಟ್ಟುಕೊಂಡ. ನಾನು ಕಲ್ಲನ್ನು ಹಾಳೆಯ ತೂತಿಗೆ ಕೂಡಿಸಿ ನೋಡಿ, ಅಳತೆಯ ನಂಬರನ್ನು ಯಾದಗಿರಿಗೆ ಬರೆದು ಕಳಿಸಿದೆ. ಅಲ್ಲಿ ಮುಷರಫ ಆ ಅಳತೆಗೆ ಬೆಳ್ಳಿಯ ಹೊಸ ಅಂಚು ಕಟ್ಟಿದ. ಕೊನೆಗೆ ಅಬ್ಬಾನಿಂದ ಕಲ್ಲು ಒಯ್ದು ಕೂಡಿಸಿ, ಉಂಗುರವನ್ನು ತಾನೇ ಹೋಗಿ ಪರಮಣ್ಣನಿಗೆ ಮುಟ್ಟಿಸಿದ.

ಮುಷರಫ ಬೆಳ್ಳಿ ಕೆಲಸದವನು. ನಾನು ಮದುವೆಯಾಗಬೇಕಿದ್ದ ಹುಡುಗ.

ಇವತ್ತು ಪರಮಣ್ಣ ವಾಪಸ್ ತಂದಾಗ ಆ ಉಂಗುರ ಅಲ್ಲಾಡಿಸಿದರೆ ಕಲ್ಲು ಟಕಟಕ ಅನ್ನುತ್ತಿತ್ತು. ಅದನ್ನೇ ಬಿಡಿಸಿ ಹಾಳೆಯ ತೂತಿನಲ್ಲಿಟ್ಟಿದ್ದೆ. ಕೆಂಪು ಇತ್ತು. ಬಿಳಿ ಗೆರೆಯೂ ಇತ್ತು. ಆದರೆ ಬೇರೆ ಗೆರೆ.

ನಾನು ಹೆಚ್ಚು ಮಾತಾಡುವವಳಲ್ಲ. ನೋಡುತ್ತೇನೆ. ಶಾಲೆ ಬಿಟ್ಟ ದಿನದಿಂದ ಇದೇ ಮೇಜು, ಇದೇ ಕೆಲಸ. ಊರಲ್ಲಿ ಯಾರಿಗಾದರೂ ತಮ್ಮ ಕಲ್ಲಿನ ಮೇಲೆ ಅನುಮಾನ ಬಂದರೆ ನನ್ನ ಮುಂದೆ ತಂದಿಡುತ್ತಾರೆ. “ಗುಲಫಶಾ, ಒಂಚೂರು ನೋಡವಾ.” ನೋಡಿ ಹೇಳುತ್ತೇನೆ. ಇಷ್ಟರವರೆಗೆ ತಪ್ಪಿದ್ದಿಲ್ಲ.

ಹಾಳೆಗಳು ನನ್ನವೇ. ಫೋನಿನಲ್ಲಿ ಹುಡುಕಿ, ಬಸ್‌ಸ್ಟ್ಯಾಂಡಿನ ಎದುರು ರಾಧಿಕಕ್ಕನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತೇನೆ. ಮೊಟ್ಟೆ, ಹನಿ, ದುಂಡು... ಎಲ್ಲ ಅಳತೆಯಲ್ಲೂ. ತೆಳು ಪ್ಲಾಸ್ಟಿಕ್ಕಿಗೆ ಅಂಟಿಸಿ ತೂತು ಕತ್ತರಿಸುತ್ತೇನೆ. ಕಲ್ಲಿನ ಬಿಲ್ಲೆಯ ಮೇಲೆ ಆ ತೂತನ್ನು ಅತ್ತಿತ್ತ ಸರಿಸುತ್ತ, ಚಂದದ ಗೆರೆ ಎಲ್ಲಿ ಬರುತ್ತದೋ ಅಲ್ಲಿ ನಿಲ್ಲಿಸಿ, ಅಲ್ಯೂಮಿನಿಯಂ ತಂತಿಯಿಂದ ಗುರುತು ಹಾಕುತ್ತೇನೆ. ನೀರು ಬಿದ್ದರೂ ಅಳಿಸುವುದಿಲ್ಲ. ಗುರುತಿನ ಆಚೆಯದೆಲ್ಲ ಮಷಿನ್ನಿಗೆ ಹೋಗುತ್ತದೆ, ಒಳಗಿನದು ಉಂಗುರಕ್ಕೆ.

ಒಮ್ಮೆ ರಾಧಿಕಕ್ಕ ಪ್ರಿಂಟ್ ಕೆಡಿಸಿದಳು. ಕಂಪ್ಯೂಟರಿನಲ್ಲಿ ‘ಫಿಟ್ ಟು ಪೇಜ್’ ಒತ್ತಿಬಿಟ್ಟಿದ್ದಳು. “ಅಂಚು ಕಟ್ ಆಗಬಾರದಂತ ಹಾಕೀನವಾ, ಚಂದ ಬಂದದ ನೋಡು!” ಚಂದ ಬಂದಿತ್ತು. ಎಲ್ಲ ಆಕಾರವೂ ಕೂದಲೆಳೆಯಷ್ಟು ಕುಗ್ಗಿತ್ತು.

ಹರಿಯಲು ಹೋದೆ. ಮುಷರಫ ಕಸಿದುಕೊಂಡ.

“ಹರೀಬ್ಯಾಡ. ನೀ ತಂದಿದ್ದು ಅದ, ನನ್ನ ಹತ್ರ ಇರಲಿ.”

ಆ ಹಾಳೆ ಇದ್ದದ್ದು ಒಂದೇ. ಮುಷರಫನ ಹತ್ತಿರ!

ಮುಖ ತಗ್ಗಿಸಿ ಕಲ್ಲನ್ನು ಎತ್ತಿಕೊಂಡೆ. ಆದರೆ ಪರಮಣ್ಣನೂ ನೋಡುವವನೇ.

“ನಿನಗ ಗೊತ್ತಾಗ್ಯದ.”

“ಇಲ್ರಿ.”

“ಬಸವಾ, ಸ್ವಿಚ್ಚ ಹಾಕು.”

“ಗೊತ್ತಾಗ್ಯದ್ರಿ! ಕಲ್ಲು ನಾ ತರ್ತೀನ್ರಿ. ಕೈ ಬಿಡ್ರಿ!”

“ಬಸವ ನಿನ್ನ ಜೋಡಿ ಬರ್ತಾನ. ನಿಮ್ಮಪ್ಪ ಇಲ್ಲೇ ಇರ್ತಾನ, ನನಗ ಚಹಾ ಮಾಡಿಕೊಡ್ತಾನ. ಕಲ್ಲು ಬರ್ಲಿಲ್ಲಂದ್ರ...” ಅವನ ಕಣ್ಣು ಸುತ್ತಿಗೆಯ ಮೇಲೆ ಹೋಯಿತು. “ಚಹಾ ಮಾಡೋದೂ ಅದೇ ಕಡೀ ಸರ್ತಿ.”

ಅಬ್ಬಾ ಬಾಯಿ ತೆರೆದ. ನನ್ನನ್ನು ನೋಡಿದ. ಮುಚ್ಚಿಕೊಂಡ.

ಹೆದರಿದ್ದಾನೆ ಅಂದುಕೊಂಡೆ.

* * *

ಮುಷರಫನ ಹೆಸರು ಹೇಳಲೇಬೇಕಾಯಿತು. ಜೀಪು ಯಾದಗಿರಿಯ ರಸ್ತೆ ಹಿಡಿಯಿತು.

“ನೀ ಮಾತಾಡಂಗೇ ಇಲ್ಲೇನು?” ಬಸವ ಕೇಳಿದ.

“ಇಲ್ಲ.”

“ಚಲೋ ಅದ. ನನ್ನ ಹೆಂಡತಿಗೊಂದೀಟು ಕಲಿಸು.”

ಮುದನಾಳ ಹತ್ತಿರ ಬಂದಾಗ ಮತ್ತೆ ಬಾಯಿ ಬಿಟ್ಟ. “ಲಗ್ನ ಆಗೋ ಹುಡುಗನ್ನೇ ಹಿಡಿಯಾಕ ಹೊಂಟೀದಿ ಅಲ್ಲ? ಭಾರೀ ಎದಿ ಬಿಡು ನಿಂದು.”

ನಾನು ಕಿಟಕಿಯ ಆಚೆ ನೋಡಿದೆ. ಹತ್ತಿ ಹೊಲ. ಮತ್ತೆ ಹತ್ತಿ ಹೊಲ.

ಸ್ಟೇಷನ್ ರೋಡಿನ ಅಂಗಡಿಯಲ್ಲಿ ಮುಷರಫ ಬಗ್ಗಿ ಕೂತಿದ್ದ. ಮೊದಲು ನನ್ನನ್ನು ನೋಡಿ ನಕ್ಕ. ಆಮೇಲೆ ಹಿಂದೆ ಇಳಿದ ಬಸವನನ್ನು ನೋಡಿದ.

ಓಡಿದ!

ಬಸವ ಹಿಂದೆ ಬಿದ್ದ. ಹಣ್ಣಿನ ಗಾಡಿಯೊಂದು ಉರುಳಿತು. ಯಾರೋ ಬೈದರು. ಮುಷರಫ ಸ್ಟೇಷನ್ನಿಗೆ ನುಗ್ಗಿ ಮೇಲ್ಸೇತುವೆಯ ಮೆಟ್ಟಿಲು ಹತ್ತಿದ. ನಾನು ಅವನ ಹಿಂದೆ ಹೋಗಲಿಲ್ಲ. ಹಳಿ ದಾಟಿ ಆಚೆ ಬದಿಯ ಮೆಟ್ಟಿಲು ಹತ್ತಿದೆ. ಸೇತುವೆಯ ನಡುವೆ ಎದುರಾದೆ.

ಏದುಸಿರು ಬಿಡುತ್ತ ನಿಂತ. “ಗುಲ್... ನೀ ಯಾಕ ಬಂದಿ?”

“ಪರಮಣ್ಣನ ಉಂಗುರದ ಕಲ್ಲು ನೀ ಕೊಯ್ದೀಯೇನು?”

ಅವನು ಹಿಂದಿನ ಮೆಟ್ಟಿಲ ಕಡೆ ತಿರುಗಿ ನೋಡಿದ.

“ಕೆಟ್ಟ ಹಾಳೀ ಇಟ್ಟು ಕೊಯ್ದೀದಿ. ಫಿಟ್ ಟು ಪೇಜ್ ಹಾಳೀ.”

ಅವನಿಗೆ ನಗು ಬಂತು. ನಿಜವಾಗಿಯೂ ನಕ್ಕ. “ಓಹೋ, ಅದಕ್ಕೇ ಏನು... ಬೆಳ್ಳಿ ಎಷ್ಟು ಒತ್ತಿದ್ರೂ ಕಲ್ಲು ಅಲ್ಲಾಡ್ತಿತ್ತು! ನಿನ್ನಂಗ ನನಗ ಕಲ್ಲಿನ ಕೆಲಸ ಬರಂಗಿಲ್ಲ ನೋಡು.”

“ನಗಬ್ಯಾಡ! ಅಬ್ಬಾನ ಕೈ ಮಷಿನ್ ಮ್ಯಾಲ ಇಟ್ಟಿದ್ರು. ಪರಮಣ್ಣ ಅಲ್ಲೇ ಕುಂತಾನ. ಖರೇ ಕಲ್ಲು ಎಲ್ಲಿ?”

ನಗು ನಿಂತಿತು.

“ಜಮಾಲ ಚಾಚಾ ಏನಂದ್ರು?” ಅಬ್ಬಾನನ್ನು ಅವನು ಕರೆಯುವುದೇ ಹಾಗೆ.

“ಏನೂ ಅನ್ಲಿಲ್ಲ.”

“ಏನೂ?”

“ಏನಂತಾರ ಅವರು? ಕಲ್ಲು ಎಲ್ಲಿ ಅಂದೆ!”

ಕೆಳಗೆ ಗೂಡ್ಸ್ ಗಾಡಿಯೊಂದು ಬಂತು. ಸೇತುವೆ ನಡುಗಿತು. ಗಾಡಿ ಪೂರ್ತಿ ದಾಟುವ ತನಕ ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ಬಸವನ ಬೂಟಿನ ಸದ್ದು ಹತ್ತಿರವಾಯಿತು.

“ಮಾರೀನಿ,” ಎಂದ. “ಹೈದರಾಬಾದಿನಾಗ. ಯಾರಿಗಂತ ನೆನಪಿಲ್ಲ. ಚಾಚಾಗ ಏನೂ ಗೊತ್ತಿಲ್ಲ.”

ನನ್ನ ಬೆರಳಿನಲ್ಲಿ ಅವನು ಮಾಡಿಕೊಟ್ಟ ಬೆಳ್ಳಿಯುಂಗುರವಿತ್ತು. ತೆಗೆದು ಅವನ ಜೇಬಿಗೆ ಹಾಕಿದೆ.

“ಇದನ್ನೂ ಮಾರು.”

ಬಸವ ಅವನ ಕಾಲರ್ ಹಿಡಿದು ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಪರಮಣ್ಣನ ದನಿ ಸಣ್ಣದಾಗಿ ಕೇಳಿತು.

“ಕಲ್ಲು?”

“ಮಾರ್ಯಾನಂತ್ರಿ ಸಾವ್ಕಾರ್ರ. ಸಿಗಂಗಿಲ್ಲಂತ.”

ಚಹಾದ ಲೋಟ ಕೆಳಗಿಟ್ಟ ಸದ್ದು ಬಂತು. ಆಮೇಲೆ, “ಕೆಲಸ ಯಾವ ಕೈಲೆ ಮಾಡ್ತಾನ?”

ಬಸವ ಅವನನ್ನು ಅಂಗಡಿಗೆ ಎಳೆದುಕೊಂಡು ಹೋದ. ಷಟರ್ ಇಳಿಸಿದ. ಸುತ್ತಿಗೆ ಮುಷರಫನದೇ ಇತ್ತು, ಬೆಳ್ಳಿ ಬಡಿಯುವುದು. ನಾನು ಹೊರಗೆ ರಸ್ತೆಯಲ್ಲಿ ನಿಂತಿದ್ದೆ. ಸದ್ದು ಒಂದೇ ಸಲಕ್ಕೆ ಮುಗಿಯಲಿಲ್ಲ.

ಮುಷರಫ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

* * *

ಬಸ್ಸಿನಲ್ಲಿ ಶಹಾಪುರಕ್ಕೆ ಬಂದೆ. ಪರಮಣ್ಣ ಹೋಗಿಬಿಟ್ಟಿದ್ದ. ಅಬ್ಬಾ ಕುಡಿಯದ ಚಹಾದ ಮುಂದೆ ಕೂತಿದ್ದ.

“ಮುಗೀತು ಅಬ್ಬಾ. ಮುಷರಫ ಒಪ್ಪಿಕೊಂಡ.”

“ಏನಂತ?”

“ಕಲ್ಲು ಮಾರೀನಿ ಅಂತ. ಬಸವ ಅವನ ಕೈ ಮುರದ.”

ಅಬ್ಬಾ ಕಲ್ಲು ಅಂಟಿಸುವ ಅರಗಿನ ಡಬ್ಬಿಗೆ ಕೈ ಚಾಚಿದ. ಕೈ ಡಬ್ಬಿಯ ಪಕ್ಕದ ಖಾಲಿ ಜಾಗಕ್ಕೆ ಹೋಯಿತು. ತಡವಿತು. ಆಮೇಲೆ ಡಬ್ಬಿ ಸಿಕ್ಕಿತು.

ಅದನ್ನು ನಾನು ನೋಡಿದೆ. ಮೊದಲ ಸಲ ನೋಡಿದೆ!

ಅರಗಿನ ತುಂಡುಗಳ ಕೆಳಗಿಂದ ಬಟ್ಟೆಯ ಗಂಟು ತೆಗೆದ. ಬಿಚ್ಚಿದ. ಕೆಂಪು ಕಲ್ಲು. ಎರಡು ಹೋಳು. ಬಿಳಿ ಗೆರೆ ನಟ್ಟನಡುವೆ ತುಂಡಾಗಿತ್ತು.

“ನೀ ಗುರುಮಠಕಲ್‌ಗಿ ಚಿಗವ್ವನ ಮನಿಗಿ ಹೋಗಿದ್ದಿ ನೋಡು ಬೇಟಿ, ಆವಾಗ... ಪಾಲಿಶ್‌ಗಿ ಕಲ್ಲು ಕಡ್ಡಿಗಿ ಹಚ್ಚಬೇಕಂತ ಅರಗು ಕಾಸಾಕತ್ತಿದ್ದೆ. ಬೆಂಕಿ ಎಷ್ಟದಂತ ಕಾಣಲಿಲ್ಲ. ಶಾಖಕ್ಕ ಕಲ್ಲು ಟಪ್ ಅಂತ ಸಿಡೀತು.”

“ಕಾಣಲಿಲ್ಲಂದ್ರ?”

“ಒಂದು ವರ್ಷಾತು. ಎಲ್ಲಾ ಮಂಜು ಮಂಜು. ನಿನಗ ತಿಳದ್ರ ಮಷಿನ್ ಮುಟ್ಟಗೊಡಂಗಿಲ್ಲಂತ ಹೇಳಲಿಲ್ಲ. ಮುಷರಫನ್ನ ಕರಸಿದೆ. ಇನ್ನೊಂದು ಕಲ್ಲು ಕೊಯ್ದು ಕೂಡಿಸು, ಗುಲ್‌ಗಿ ಹೇಳಬ್ಯಾಡ ಅಂತ ಆಣೆ ಹಾಕಿಸಿದೆ.”

“ಪರಮಣ್ಣನ ಮುಂದ ಯಾಕ ಹೇಳಲಿಲ್ಲ ಅಬ್ಬಾ? ನಾ ಹೋಗುವಾಗ ಯಾಕ ಹೇಳಲಿಲ್ಲ?”

“ಕೈ...” ಎಂದ. ಅಷ್ಟೇ.

ನಾನು ಆ ಕೈಯನ್ನೇ ನೋಡಿದೆ. ಪೂರ್ತಿ ಇತ್ತು. ಒಂದು ಉಗುರಿಗೂ ಏನೂ ಆಗಿರಲಿಲ್ಲ.

* * *

ಮರುದಿನ ಬೆಳಿಗ್ಗೆ ಸುರಪುರ. ಪರಮಣ್ಣನ ಅಂಗಳದಲ್ಲಿ ಲಾರಿ ತೊಳೆಯುತ್ತಿದ್ದರು. ನೇರ ಹೋಗಿ ಅವನ ಅಂಗೈ ಮೇಲೆ ಎರಡೂ ಹೋಳು ಇಟ್ಟೆ.

“ನಿಮ್ಮ ಕಲ್ಲು. ಯಾರೂ ಕದ್ದಿಲ್ರಿ. ನಮ್ಮಪ್ಪನ ಕೈಯಾಗ ಸಿಡದದ. ಹುಡುಗ ನಿಮಗ ಸುಳ್ಳ ಹೇಳ್ಯಾನ.”

ಬಸವ ಎದ್ದ. ಪರಮಣ್ಣ ಕಣ್ಣಿನಲ್ಲೇ ಅವನನ್ನು ಕೂರಿಸಿದ. ಹೋಳುಗಳನ್ನು ಜೋಡಿಸಿದ. ಗೆರೆ ಕೂಡಿತು. ಬೆರಳು ಸಡಿಲಿಸಿದ. ಬಿಚ್ಚಿಕೊಂಡಿತು. ಮತ್ತೆ ಜೋಡಿಸಿದ. 

“ಆ ಹುಡುಗ ಯಾಕ ಖರೇ ಹೇಳಲಿಲ್ಲ?”

“ಹೇಳಿದ್ರ ನೀವು ಯಾರ ಕೈ ಮುರೀತಿದ್ರಿ?”

ಲಾರಿ ತೊಳೆಯುವ ನೀರು ನಮ್ಮ ಕಾಲಿನ ತನಕ ಹರಿದು ಬಂತು. ಅವನು ಸರಿಯಲಿಲ್ಲ. ನಾನೂ ಸರಿಯಲಿಲ್ಲ.

“ಒಂದು ಕಲ್ಲಿಗಿ ಒಂದು ಕೈ ಆಗಿಹೋಗ್ಯದ,” ಎಂದ ಕೊನೆಗೆ. “ಸಾಕು. ನಿಮ್ಮಪ್ಪಗ ಏನೂ ಮಾಡಂಗಿಲ್ಲ. ಬಸವಾ, ಈಕೀನ ಯಾದಗಿರಿಗಿ ಬಿಟ್ಟು ಬಾ.”

“ಬ್ಯಾಡ್ರಿ. ಬಸ್ಸದ.”

* * *

ಮುಷರಫನ ಓಣಿ. ಹೆಂಗಸರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಒಬ್ಬಳು ಮಾತ್ರ ಬೇಕೆಂದೇ ಜೋರಾಗಿ ಹೇಳಿದಳು, “ದವಾಖಾನಿಯಿಂದ ಈಗಷ್ಟೇ ಕರಕೊಂಡು ಬಂದಾರ. ಇನ್ನ ಆ ಕೈಲೆ ತುತ್ತೂ ಎತ್ತಂಗಿಲ್ಲಂತ. ನೋಡಾಕ ಬಂದಾಳ ನೋಡ್ರಿ, ಮಹಾರಾಣಿ!”

ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ. ಅವನದು, ಅವನ ತಾಯಿ ಮದೀನಾಬೀ ಖಾಲಾನದು. ಬಾಗಿಲು ತಟ್ಟಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು.

“ಖಾಲಾ, ನಾನು ಗುಲಫಶಾ.”

ಒಳಗಿನಿಂದ ಚಿಲಕ ಬಿದ್ದಿತು. ಆಮೇಲೆ ಮೇಲಿನ ಚಿಲಕವೂ.

ಕಟ್ಟೆಯ ಹೆಂಗಸರು ಮೊರದ ತುಂಬ ಅಕ್ಕಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಜನ ನೋಡಿದರೆ ನನಗೆ ದನಿಯೇ ಹೊರಡುವುದಿಲ್ಲ. ಅವತ್ತು ಹೊರಟಿತು. ಇಡೀ ಓಣಿಗೆ ಕೇಳುವಷ್ಟು.

“ಮುಷರಫ, ಬಾಗಿಲಾ ತಗೀ... ಕೈ ಒಮ್ಮೆ ತೋರಿಸು.”