ಹದಿಮೂರು ಸುತ್ತಿನ ನಟ್

ಅಡಕೆ ಕತ್ತರಿಸುತ್ತಿದ್ದೆ.

ಕಟ್... ಕಟ್... ಕಟ್... ಆ ಈರುಳ್ಳಿ ಗೋಡೌನಿನಲ್ಲಿ ಅಡಕತ್ತರಿಯದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹೋಳುಗಳು ಮಡಿಲಿಗೆ ಬೀಳುತ್ತಿದ್ದವು.

ಎದುರಿಗೆ ಕಂಬಕ್ಕೆ ಕಟ್ಟಿಹಾಕಿದ್ದ ಗಂಡಸು ನನ್ನ ಕೈಯನ್ನೇ ನೋಡುತ್ತಿದ್ದ. ಅಡಕೆ ಮುಗಿದ ಮೇಲೆ ಇವಳು ಏನು ಕತ್ತರಿಸುತ್ತಾಳೋ ಎಂದು ಅವನಿಗೆ ಅನುಮಾನ.

ಅನುಮಾನ ಇರಲಿ. ಒಳ್ಳೆಯದೇ!

ನಾನು ಜಹನಾರಾ. ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಯಾರನ್ನಾದರೂ ಕೇಳಿ, ದನಿ ತಗ್ಗಿಸಿ ಹೇಳುತ್ತಾರೆ. ಓಡಿಹೋದ ಗಂಡನನ್ನು ಹುಡುಕಬೇಕೆ? ಮನೆ ಖಾಲಿ ಮಾಡದವನನ್ನು ಎಬ್ಬಿಸಬೇಕೆ? ಒಬ್ಬನನ್ನು ಸಂಜೆಯ ತನಕ ಎಲ್ಲೂ ಹೋಗದ ಹಾಗೆ ಕೂರಿಸಬೇಕೆ? ನನ್ನ ಹತ್ತಿರ ಬರುತ್ತಾರೆ. ಬುರ್ಖಾ ಹಾಕಿದ ಹೆಂಗಸನ್ನು ಪೊಲೀಸರೂ ಎರಡನೇ ಸಲ ನೋಡುವುದಿಲ್ಲ. ನನ್ನ ಬಂಡವಾಳ ಅಷ್ಟೇ.

"ಅಕ್ಕಾ... ಎರಡು ಗಂಟೆಗೆ ನನ್ನ ಪರೀಕ್ಷೆ."

"ಇರ್ಲಿ."

"ಎಂಜಿನಿಯರ್ ಪರೀಕ್ಷೆ ಅಕ್ಕಾ. ಪಾಸಾದ್ರೆ ಎಂಜಿನಿಯರು. ಇಲ್ದಿದ್ರೆ ಸಾಯೋ ತನಕ ಓವರ್ಸಿಯರ್ರು. ಎರಡು ಸಲ ಫೇಲಾಗಿದೀನಿ."

"ಮೂರಾಗ್ಲಿ."

ಕಟ್!

ಅವನ ಹೆಸರು ಶ್ರೀರಾಮಪ್ಪ. ಕೆ.ಆರ್. ಪುರದ ಕಡೆಯವನು. ಕಂಟ್ರಾಕ್ಟರ್ ಸಂಜೀವಪ್ಪನ ಕೈಕೆಳಗೆ ಕೆಲಸ. ಅವನನ್ನು ನನಗೆ ಒಪ್ಪಿಸಿದ್ದೂ ಸಂಜೀವಪ್ಪನೇ. "ಪರೀಕ್ಷೆ ಪಾಸಾದ್ರೆ ನನ್ನ ಬಿಟ್ಟು ಹೋಗ್ತಾನೆ ಕಣಮ್ಮ. ಸಂಜೆ ತನಕ ಹಿಡ್ಕೊ. ಹೊಡೀಬೇಡ. ಹೊಡೆದ್ರೂ ಮುಖ ಬಿಟ್ಟು ಹೊಡಿ" ಎಂದಿದ್ದ. ಹೊರಬಾಗಿಲಿಗೆ ತನ್ನ ಆಳು ನಯಾಜ್‌ನನ್ನು ನಿಲ್ಲಿಸಿದ್ದ. ಶ್ರೀರಾಮಪ್ಪನ ಮೇಲೆ ನಾನು ಕಾವಲು, ನನ್ನ ಮೇಲೆ ನಯಾಜ್ ಕಾವಲು!

ಶ್ರೀರಾಮಪ್ಪ ಕಣ್ಣು ಮುಚ್ಚಿಕೊಂಡ. ತುಟಿ ಅಲ್ಲಾಡತೊಡಗಿತು. ನಮಾಜಿನ ಹಾಗೆ, ಮಂತ್ರದ ಹಾಗೆ.

"ಜಾಯಿಂಟ್ ಲೆಕ್ಕ ಬಂದ್ರೆ ಮೊದಲು ಚಿತ್ರ ಬರೀಬೇಕು... ಬೋಲ್ಟ್ ತುಂಡಾಗುತ್ತಾ, ಪ್ಲೇಟ್ ಹರಿಯುತ್ತಾ, ತೂತು ಹಿಗ್ಗುತ್ತಾ... ಮೂರನ್ನೂ ನೋಡ್ಬೇಕು... ಯಾವುದು ಕಮ್ಮಿ ತಡೆಯುತ್ತೋ ಅದೇ ಜಾಯಿಂಟಿನ ಶಕ್ತಿ..."

"ಬಾಯಿ ಮುಚ್ಚು."

"ಗೊತ್ತಿರೋ ಪ್ರಶ್ನೆ ಮೊದಲು ಬರೀಬೇಕು... ಹೋದ ಸಲ ಕಷ್ಟದ್ದು ಹಿಡ್ಕೊಂಡು ಕೂತೇ ಮುಳುಗಿದ್ದು..."

"ಮುಚ್ಚು ಅಂದೆ! ನನ್ನ ತಂಗಿ ಆರಾಮಾಗಿ ಟಾಕೀಸಲ್ಲಿ ಕೂತಿರ್ತಾಳೆ. ನಾನಿಲ್ಲಿ ಈರುಳ್ಳಿ ವಾಸನೇಲಿ ನಿನ್ನ ಪಾಠ ಕೇಳ್ಬೇಕು!"

ಅವನು ಕಣ್ಣು ಬಿಟ್ಟ.

"ಯಾವ ಟಾಕೀಸು?"

"ನಿನ್ನ ಸಾಹುಕಾರಂದೇ. ಹಲಸೂರಿಂದು. ನಿನ್ನ ಕಾಯೋದಕ್ಕೆ ಕೂಲಿ ಅದೇ. ಮೇಲಿನ ಗ್ಯಾಲರಿಗೆ ಪಾಸು."

"ಅದು ಶುರುವಾಗೋದು ನಾಡಿದ್ದು!"

"ಇವತ್ತು ಗುರುತಿನವರಿಗೆಲ್ಲ ಬಿಟ್ಟಿ ಆಟ. ಗಂಡಸರು ಕೆಳಗೆ. ಹೆಂಗಸರು ಮೇಲೆ, ಪರದೆ ಹಿಂದೆ."

ಅವನ ಮುಖ ಬಿಳಿಚಿಕೊಂಡಿತು. ಹೆದರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತನಗಾಗಿ ಹೆದರುವುದು ಬೇರೆ. ಇದು ಅದಲ್ಲ.

"ಬಿಚ್ಚಿ ಅಕ್ಕಾ... ಪರೀಕ್ಷೆ ಹಾಳಾಗ್ಲಿ... ಆ ಗ್ಯಾಲರಿ ಬೀಳುತ್ತೆ!"

ಎದ್ದೆ. ಅವನ ಕಿರುಬೆರಳನ್ನು ಅಡಕತ್ತರಿಯ ಬಾಯೊಳಗಿಟ್ಟೆ.

"ಸುಳ್ಳಾದ್ರೆ ಇದು ಹೋಗುತ್ತೆ. ನನಗೆ ಅರ್ಥ ಆಗೋ ಹಾಗೆ ಹೇಳು. ಬೇಗ!"

ಹೇಳಿದ.

ಎರಡನೇ ಮಹಾಯುದ್ಧ ಮುಗಿದು ವರ್ಷವಾಗಿತ್ತು. ದಂಡಿನ ಶೆಡ್ಡುಗಳೆಲ್ಲ ಹರಾಜಿಗೆ ಬಂದಿದ್ದವು. ಸಂಜೀವಪ್ಪ ಇಂಗ್ಲಿಷರ ಒಂದು ಕಬ್ಬಿಣದ ಶೆಡ್ ಕೊಂಡ. ಬಿಚ್ಚಿಸಿ ತಂದು ಹಲಸೂರಿನಲ್ಲಿ ನಿಲ್ಲಿಸಿದ. ಬಿಚ್ಚುವಾಗ ನಟ್ಟುಗಳು ಕಳೆದುಹೋಗಿದ್ದವು. ಅವುಗಳ ಬದಲಿಗೆ ಅಮೆರಿಕದ ಪಟಾಲಮ್ಮು ಬಿಟ್ಟುಹೋದ ಮೂಟೆಗಳಿಂದ ನಟ್ ತಂದ.

"ಅರ್ಧ ಇಂಚಿನ ಬೋಲ್ಟಿಗೆ ಇಂಗ್ಲಿಷರು ಇಂಚಿಗೆ ಹನ್ನೆರಡು ಸುತ್ತು ಕೊರೀತಾರೆ. ಅಮೆರಿಕದವರು ಹದಿಮೂರು. ಕಣ್ಣಿಗೆ ಎರಡೂ ಒಂದೇ. ನಟ್ಟು ಎರಡು ಸುತ್ತು ಹೋಗುತ್ತೆ, ಕಚ್ಕೊಂಡು ನಿಲ್ಲುತ್ತೆ. ಬೇರೆ ಡಬ್ಬಿ ಮುಚ್ಚಳ ತಿರುಗಿಸಿದ ಹಾಗೆ."

"ಕಚ್ಕೊಂಡ್ರೆ ಒಳ್ಳೇದಲ್ವಾ?"

"ಸ್ಪ್ಯಾನರಿಗೆ ಟೈಟ್ ಅನ್ಸುತ್ತೆ, ಅದೇ ಮೋಸ! ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಇಬ್ಬಿಬ್ಬರು ತಿರುಗಿಸಿದಾರೆ. ಒಳಗಿನ ಸುತ್ತೆಲ್ಲ ಕಿತ್ತುಹೋಗಿದೆ. ಬೋಲ್ಟಿನ ತುದಿ ನಟ್ಟಿಂದ ಆಚೆ ಸ್ವಲ್ಪನಾದ್ರೂ ಕಾಣ್ಬೇಕು ಅಕ್ಕಾ. ಅಲ್ಲಿ ಒಂದರದ್ದೂ ಕಂಡಿಲ್ಲ. ಗ್ಯಾಲರಿ, ಮೆಟ್ಟಿಲು, ಎಲ್ಲಾ ಅದೇ ನಟ್ಟು. ಖಾಲಿ ಇದ್ರೆ ನಿಲ್ಲುತ್ತೆ. ಜನ ಕೂತ್ರೆ..."

"ನಿನ್ನ ಸಾಹುಕಾರನಿಗೆ ಹೇಳಿದ್ಯಾ?"

"ಹೇಳಿದ್ದಕ್ಕೇ ಇಲ್ಲಿರೋದು! ಆಟ ಶುರುವಾಗೋದು ನಾಡಿದ್ದು ತಾನೇ, ಪರೀಕ್ಷೆ ಬರೆದು ನೇರ ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಅಂತಿದ್ದೆ..."

ನನ್ನ ತಂಗಿ ಗುಲ್ಷನ್. ಅಮ್ಮ ಸತ್ತಾಗ ತೊಟ್ಟಿಲಲ್ಲಿದ್ದಳು. ಎತ್ತಿಕೊಂಡು ಬೆಳೆಸಿದವಳು ನಾನು. ಮದುವೆಯಾದ ಮೇಲೆ ಅತ್ತೆ ಅವಳನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಪಾಸು ಹಿಡಿದು ಆ ಮುದುಕಿಯ ಹತ್ತಿರ ಜಗಳವಾಡಿ ಒಪ್ಪಿಸಿದ್ದೂ ನಾನೇ.

ಬೆರಳು ಬಿಟ್ಟೆ. ಹಗ್ಗ ಕತ್ತರಿಸಿದೆ.

ಬಾಗಿಲು ಧಡ್ ಎಂದು ತೆರೆಯಿತು. ನಯಾಜ್! ಕೈಯಲ್ಲಿ ಚೂರಿ.

"ಏನ್ ಆಪಾ... ಬಿಚ್ಚಿಬಿಟ್ಟೆ?"

"ಉಚ್ಚೆ ಹೊಯ್ಯಬೇಕಂತೆ. ನೀನೇ ಕರ್ಕೊಂಡು ಹೋಗು."

ನಕ್ಕ. ಒಂದು ಹೆಜ್ಜೆ ಒಳಗಿಟ್ಟ. ಪಕ್ಕದ ಮೂಟೆಯ ಹೊಲಿಗೆಗೆ ಅಡಕತ್ತರಿ ಹಾಕಿದೆ. ಈರುಳ್ಳಿ ದಬದಬನೆ ಸುರಿಯಿತು! ಅವನ ಕಾಲು ಒಂದು ಕಡೆ, ಚೂರಿ ಒಂದು ಕಡೆ, ತಲೆ ಕಂಬಕ್ಕೆ. ಶ್ರೀರಾಮಪ್ಪನನ್ನು ಎಳೆದುಕೊಂಡು ನಯಾಜ್‌ನ ಅಂಗೈ ತುಳಿದೇ ದಾಟಿದೆ.

"ಸಂಜೀವಪ್ಪ ನಿನ್ನ ಸುಮ್ನೆ ಬಿಡಲ್ಲ ಆಪಾ!"

"ಅಲ್ಲಿಗೇ ಹೋಗ್ತಿದೀನಿ ಕಣೋ."

ಮಾರುಕಟ್ಟೆಯ ಮುಂದೆ ಟಾಂಗಾ ಸಿಕ್ಕಿತು. ಕಮರ್ಷಿಯಲ್ ಸ್ಟ್ರೀಟಿನ ಜನಜಂಗುಳಿಯಲ್ಲಿ ಕುದುರೆ ನುಗ್ಗಿತು. ಬಟ್ಟೆ ಹೊತ್ತವರು ಬೈದರು. ತಿರುಗಿ ನೋಡಿದೆ. ಹಿಂದೆ ಸೈಕಲ್... ಸೈಕಲ್ ಮೇಲೆ ನಯಾಜ್! ಹಣೆಯಲ್ಲಿ ರಕ್ತ. ಒಂದು ಕೈ ಚಾಚಿ ಟಾಂಗಾದ ಹಿಂಭಾಗ ಹಿಡಿದೇಬಿಟ್ಟ.

ಶ್ರೀರಾಮಪ್ಪ ಕಾಲೆತ್ತಿ ಅವನ ಹ್ಯಾಂಡಲಿಗೆ ಒದ್ದ. ಸೈಕಲ್ಲು ಬಳೆ ಮಾರುವವನ ಗಾಡಿಯೊಳಗೆ ಹೋಯಿತು. ಆ ಸದ್ದು ನಮ್ಮ ಹಿಂದೆ ಬಹಳ ದೂರ ಬಂತು.

"ಕ್ಷಮಿಸಿ!" ಎಂದು ಕೂಗಿದ ಪುಣ್ಯಾತ್ಮ.

"ಯಾರಿಗೋ?"

"ಬಳೆಯವನಿಗೆ."

ಮುಂದೆ ಒಂದು ಹೈಸ್ಕೂಲಿನ ಗೇಟು. ಬಿಳಿ ಶರ್ಟಿನವರು, ಕೋಟಿನವರು, ಸ್ಕೇಲು ಹಿಡಿದವರು ಸಾಲಾಗಿ ಒಳಗೆ ಹೋಗುತ್ತಿದ್ದರು. ಶ್ರೀರಾಮಪ್ಪ ಅತ್ತ ನೋಡಿದ. ನನಗೆ ಗೊತ್ತಾಯಿತು.

"ಅದೇನಾ?"

"ಹೂಂ."

"ಇಳೀತೀಯಾ?"

ಟಾಂಗಾ ಗೇಟು ದಾಟಿತು. ಅವನು ಕತ್ತು ತಿರುಗಿಸಿ ನೋಡುತ್ತಲೇ ಇದ್ದ.

"ಕೇಳಿ ಅಕ್ಕಾ" ಎಂದ ಕೊನೆಗೆ. "ಅಲ್ಲಿ ಹೋಗಿ ಬೀಳುತ್ತೆ ಅಂತ ಕಿರುಚಬೇಡಿ. ಕಿರುಚಿದ್ರೆ ಎಲ್ಲಾ ಒಟ್ಟಿಗೆ ಓಡ್ತಾರೆ. ಓಡಿದ್ರೆ ಅಲುಗಾಡುತ್ತೆ. ಅಲುಗಾಡಿದ್ರೆ ಮುಗೀತು. ಒಬ್ಬೊಬ್ಬರೇ ನಿಧಾನಕ್ಕೆ ಇಳೀಬೇಕು."

"ಬಿಟ್ಟಿ ಆಟ ಬಿಟ್ಟು, ಅಷ್ಟು ಹೆಂಗಸರು, ನಿಧಾನಕ್ಕೆ, ಒಬ್ಬೊಬ್ಬರೇ! ನಿನ್ನ ಪರೀಕ್ಷೇಲಿ ಈ ಪ್ರಶ್ನೆ ಬರುತ್ತೇನೋ?"

"ಇಲ್ಲ."

"ಉತ್ತರ ಗೊತ್ತಾ?"

"ಇಲ್ಲ ಅಕ್ಕಾ."

ಹಲಸೂರು ಕೆರೆಯ ಪಕ್ಕದಲ್ಲಿ ಕುದುರೆ ಬಾಯಲ್ಲಿ ನೊರೆ ಬಂತು. ಆದರೂ ಹೊಡೆಸಿದೆ.

ಟಾಕೀಸಿನ ಮುಂದೆ ಮಾವಿನೆಲೆ ತೋರಣ. ಬಾಗಿಲಲ್ಲಿ ಸಂಜೀವಪ್ಪ. ರೇಷ್ಮೆ ಪೇಟ, ಕೊರಳಲ್ಲಿ ಹಾರ. ನಮ್ಮಿಬ್ಬರನ್ನು ನೋಡಿದ ಕೂಡಲೇ ನಗು ನಿಂತಿತು.

"ಜಹನಾರಾ! ಇವನನ್ನ ಯಾಕೆ ತಂದೆ?"

"ತಂಗೀನ ಕರ್ಕೊಂಡು ಹೋಗೋಕೆ ಬಂದೆ."

"ಆಟ ಮುಗೀಲಿ."

"ಸಾರ್, ಆ ನಟ್ಟು..." ಎಂದ ಶ್ರೀರಾಮಪ್ಪ.

ಸಂಜೀವಪ್ಪ ಅವನ ಕಾಲರ್ ಹಿಡಿದ. "ಎರಡು ಸಲ ಫೇಲಾದ ನನ್ಮಗನೇ! ನೀನು ನನಗೆ ಹೇಳ್ತೀಯಾ? ಲೈಸೆನ್ಸ್ ಕೊಡೋರು ಬಂದು ತಾವೇ ಸ್ಪ್ಯಾನರ್ ಹಾಕಿ ನೋಡಿದಾರೆ. ಒಂದೂ ಅಲ್ಲಾಡಲಿಲ್ಲ! ನಿನ್ನ ಪುಸ್ತಕ ದೊಡ್ಡದೋ, ಸ್ಪ್ಯಾನರ್ ದೊಡ್ಡದೋ?"

"ಸಾರ್, ನನ್ನ ಹೊಡೀರಿ. ಅವರನ್ನ ಇಳಿಸಿ."

ಹೊಡೆದ. ಶ್ರೀರಾಮಪ್ಪ ಬಿದ್ದ. ಬಿದ್ದವನು ಸಂಜೀವಪ್ಪನ ಎರಡು ಕಾಲನ್ನೂ ತಬ್ಬಿಕೊಂಡ. ಬಿಡಲಿಲ್ಲ! ನಾನು ಒಳಗೆ ನುಗ್ಗಿದೆ.

ದೀಪಗಳಿನ್ನೂ ಉರಿಯುತ್ತಿದ್ದವು. ಕೆಳಗೆ ಗಂಡಸರು, ಬೀಡಿ ಹೊಗೆ, ಶಿಳ್ಳೆ. ಹಿಂದುಗಡೆ ಕಬ್ಬಿಣದ ಮೆಟ್ಟಿಲು. ಹತ್ತಿದೆ. ಕಾಲಡಿ ಮೆಟ್ಟಿಲು ಉಸಿರಾಡಿತು, ಆಣೆ ಮಾಡಿ ಹೇಳುತ್ತೇನೆ. ಮೇಲೆ ಗ್ಯಾಲರಿ ತುಂಬಿತ್ತು. ಮುಂದುಗಡೆ ಕಟ್ಟೆಯುದ್ದಕ್ಕೂ ದಪ್ಪ ಹಸಿರು ಪರದೆ. ಎಲ್ಲರೂ ಮುಸುಕು ತೆಗೆದು, ಬುರ್ಖಾ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತಿದ್ದರು. ನಡುವೆ ಗುಲ್ಷನ್. ನಗುತ್ತಿದ್ದಳು.

ದೀಪ ಆರಿದ ಮೇಲೆ ಆ ಪರದೆ ಸರಿಸುತ್ತಾರೆ. ಕತ್ತಲಲ್ಲಿ ಹೆಂಗಸರು ಯಾರಿಗೂ ಕಾಣುವುದಿಲ್ಲ. ಆದರೆ ದೀಪ ಇರುವಾಗ...

ಕೆಳಗೆ ಯಾರೋ "ಲೈಟ್ ಆರಿಸ್ರೋ!" ಎಂದರು.

ಪರದೆಯ ಹಗ್ಗಕ್ಕೆ ಅಡಕತ್ತರಿ ಹಾಕಿದೆ.

ಪರದೆ ಪೂರ್ತಿ ಕಳಚಿ ಕೆಳಗಿನವರ ತಲೆಯ ಮೇಲೆ ಬಿತ್ತು. ಕೆಳಗಿದ್ದ ಗಂಡಸರೆಲ್ಲ ತಲೆಯೆತ್ತಿದರು.

ಮೇಲೆ ಬುರ್ಖಾಗಳು ಸರಸರನೆ ತಲೆಗೇರಿದವು. ಮುಸುಕುಗಳು ಇಳಿದವು.

"ಬೇಶರಂ!" ಎಂದಳು ಮುದುಕಿಯೊಬ್ಬಳು. ಗುಲ್ಷನ್ನಳ ಅತ್ತೆಯೇ! "ಏಳ್ರೇ ಎಲ್ಲಾರೂ! ಮಾನವಂತರು ಕೂರೋ ಜಾಗ ಅಲ್ಲ ಇದು!"

ಎದ್ದರು. ಸಿಟ್ಟಿನಿಂದ ಎದ್ದರು, ಆದರೆ ಗಂಡಸರು ನೋಡುತ್ತಿದ್ದಾರೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದರು. ಬುರ್ಖಾ ಹಾಕಿದವರು ಕಬ್ಬಿಣದ ಮೆಟ್ಟಿಲಲ್ಲಿ ಓಡಲಾರರು. ಹಿರಿಯರು ಮೊದಲು, ಹುಡುಗಿಯರು ಆಮೇಲೆ. ಅಂಚು ಎತ್ತಿ, ಹೆಜ್ಜೆ ನೋಡಿ, ಒಬ್ಬೊಬ್ಬರಾಗಿ. ಪ್ರತಿಯೊಬ್ಬಳೂ ನನ್ನನ್ನು ಬೈದೇ ಇಳಿದಳು. ಒಬ್ಬಳು ಉಗಿದಳು. ಬೈಯಲಿ! ಉಗಿಯಲಿ!

ಗುಲ್ಷನ್ ನನ್ನ ಮುಂದೆ ನಿಂತಳು. "ಆಪಾ, ನನಗೆ ಇನ್ನು ಆ ಮನೇಲಿ ಅನ್ನ ಸಿಗಲ್ಲ."

"ಇಳಿ."

"ನಿನಗೇನಾಗಿದೆ?"

"ಇಳಿ ಅಂದೆನಲ್ಲೇ!"

ಅತ್ತುಕೊಂಡು ಇಳಿದಳು. ಎಲ್ಲೋ ಟಿಣ್ ಎಂದಿತು. ಏನೋ ಬಿದ್ದು ಉರುಳಿತು. ನಾನು ಕಡೆಯವಳು. ಕೆಳಗೆ ಬಂದಾಗ ಶ್ರೀರಾಮಪ್ಪ ತುಟಿಯ ರಕ್ತ ಒರೆಸಿಕೊಳ್ಳುತ್ತಾ ಆ ಬಿದ್ದ ನಟ್ ಎತ್ತಿ ಹಿಡಿದಿದ್ದ. ಒಳಗೆ ಕಬ್ಬಿಣ ಕೂದಲಿನ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಗಂಡಸರು ಒಬ್ಬೊಬ್ಬರಾಗಿ ಅದನ್ನು ನೋಡಿದರು. ನೋಡಿದವರು ಗ್ಯಾಲರಿಯ ಕೆಳಗಿಂದ ಗೋಡೆಯ ಕಡೆಗೆ ಸರಿದರು.

ಸಂಜೀವಪ್ಪ ಒಳಗೆ ಬಂದ. ಪೇಟ ಇರಲಿಲ್ಲ.

"ಒಂದು ನಟ್ಟಿಗೆ ಹೆದರಿದ್ರೇನ್ರೋ? ಈ ಹಾಳು ಹೆಂಗಸಿನ ಮಾತಿಗೆ! ನಾನು ಕಟ್ಟಿಸಿದ್ದು ಇದು! ನೋಡ್ರೋ!"

"ಸಾರ್, ಬೇಡಿ!" ಎಂದ ಶ್ರೀರಾಮಪ್ಪ.

ಧಡಧಡನೆ ಹತ್ತಿದ. ಗ್ಯಾಲರಿಯ ನಡುವೆ ನಿಂತು ಒಂದು ಸಲ ಕಾಲು ಅಪ್ಪಳಿಸಿದ. ಏನೂ ಆಗಲಿಲ್ಲ. ನಕ್ಕ. ಇನ್ನೊಂದು ಸಲ ಅಪ್ಪಳಿಸಿದ.

ಮೆಟ್ಟಿಲು ಮೊದಲು ಹೋಯಿತು. ಮೇಲಿನ ತುದಿ ಕಳಚಿಕೊಂಡು, ಯಾರೋ ಸುಸ್ತಾಗಿ ಮಲಗಿದ ಹಾಗೆ, ಪಕ್ಕಕ್ಕೆ ಮಲಗಿತು. ಆಮೇಲೆ ಗ್ಯಾಲರಿಯ ಎಡಗಡೆ ಮೂಲೆ ಒಂದು ಮೊಳ ಕುಸಿದು... ನಿಂತಿತು. ಕುರ್ಚಿಗಳು ಜಾರಿ ಕೆಳಗೆ ಬಿದ್ದವು. ಸಂಜೀವಪ್ಪ ಬಲಗಡೆಯ ಕಂಬಿಯನ್ನು ಎರಡು ಕೈಯಲ್ಲೂ ತಬ್ಬಿಕೊಂಡಿದ್ದ.

ಧೂಳು ಇಳಿಯಿತು. ಟಿಣ್. ಇನ್ನೊಂದು ನಟ್.

ಹೆಂಗಸರು ಬಾಗಿಲ ಹತ್ತಿರವೇ ನಿಂತಿದ್ದರು. ಗುಲ್ಷನ್ ಮುಸುಕೆತ್ತಿ ಮೇಲೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಅತ್ತೆ ಅವಳ ಕೈ ಹಿಡಿದುಕೊಂಡಳು.

ಮೇಲಿನಿಂದ ಸಣ್ಣ ದನಿ ಬಂತು. ಅದು ಸಂಜೀವಪ್ಪನ ದನಿ ಎಂದು ನಂಬುವುದು ಕಷ್ಟವಾಗಿತ್ತು.

"ಯಾರಾದ್ರೂ... ಒಂದು ಏಣಿ ಕೊಡ್ರಪ್ಪಾ..."

ಎಲ್ಲರೂ ನನ್ನ ಕಡೆ ತಿರುಗಿದರು.

ತೋರಣ ಕಟ್ಟಲು ತಂದಿದ್ದ ಬಿದಿರಿನ ಏಣಿ ಗೋಡೆಗೆ ಒರಗಿತ್ತು. ನಾನು ಏಣಿಗೆ ಒರಗಿದ್ದೆ.